ಹಲ್ಲಿಗೆ ಕೇಳಿಸುವ ಗಿಟಾರು

ಆಳಂದದ ಬಸ್ ನಿಲ್ದಾಣದಿಂದ ಸೊಲ್ಲಾಪುರದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಮೂಡಣ ಈಗಷ್ಟೇ ಬೆಳ್ಳಗಾಗುತ್ತಿದೆ. ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಒಂದು ಕೋಣೆಯ ಬಾಗಿಲು ಮಾತ್ರ ತೆರೆದಿದೆ. ಒಳಗೆ ಸೂರಿನ ಅಡ್ಡಪಟ್ಟಿಗೆ ನೇತುಹಾಕಿದ ಗಿಟಾರುಗಳು ಗಾಳಿ ಬಂದಾಗ ಮೆಲ್ಲಗೆ ಅತ್ತ ತಿರುಗಿ, ಮತ್ತೆ ಇತ್ತ ತಿರುಗುತ್ತಿವೆ. ಒಂದಕ್ಕೆ ಜೇನಿನ ಬಣ್ಣ, ಒಂದಕ್ಕೆ ಹುಣಸೆಹಣ್ಣಿನ ಬಣ್ಣ, ಇನ್ನೊಂದಕ್ಕೆ ಇನ್ನೂ ಬಣ್ಣವೇ ಬಂದಿಲ್ಲ. ಅವುಗಳ ನಡುವೆ ಲುಂಗಿ ಉಟ್ಟ ಒಬ್ಬರು ಗಿಟಾರೊಂದನ್ನು ಎದೆಗೆ ಅವಚಿಕೊಂಡು, ಅದರ ಮೈಯಿಂದ ಚಾಚಿದ ಮೇಲ್ಗಡೆಯ ಕೋಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದಾರೆ.

ಹೆಬ್ಬೆರಳು ದಪ್ಪ ತಂತಿಯನ್ನೊಮ್ಮೆ ಮೀಟುತ್ತದೆ. ಕರೆಂಟಿಗೆ ಜೋಡಿಸದ ಗಿಟಾರಿನ ದನಿ ಎಷ್ಟು ತಾನೇ ದೊಡ್ಡದಿದ್ದೀತು? ಬಾಗಿಲಲ್ಲಿ ನಿಂತವರಿಗೆ ಅದು ಕೇಳಿಸಿದಂತೆಯೂ ಆಗುತ್ತದೆ, ಕೇಳಿಸದಂತೆಯೂ ಆಗುತ್ತದೆ. ಕಚ್ಚಿಕೊಂಡವರು ಮಾತ್ರ ಅಲುಗುವುದಿಲ್ಲ. ತಂತಿಯ ನಡುಕ ನಿಂತ ಮೇಲೂ ಬಹಳ ಹೊತ್ತು, ದೂರದಲ್ಲಿ ಯಾರೋ ಹೋಗುವುದನ್ನು ನೋಡುತ್ತ ನಿಂತವರ ಹಾಗೆ ಅವರು ನಿಂತೇ ಇರುತ್ತಾರೆ. ಆಮೇಲೆ ಬಾಯಿ ಬಿಡಿಸಿ, ಕೋಡನ್ನು ಟವೆಲಿನಿಂದ ಒರೆಸಿ, ಸಣ್ಣ ಅರವನ್ನು ಎತ್ತಿಕೊಂಡು ಕುತ್ತಿಗೆಯ ಮೇಲಿನ ಒಂದು ಹಿತ್ತಾಳೆ ಪಟ್ಟಿಯನ್ನು ಎರಡೇ ಎರಡು ಸಲ ತೀಡುತ್ತಾರೆ.

ಇವರು ಮಸೂದ ಮಿಸ್ತ್ರಿ. ಕೈಯಿಂದ ಎಲೆಕ್ಟ್ರಿಕ್ ಗಿಟಾರು ಮಾಡುತ್ತಾರೆ. ಹೌದು, ಆಳಂದದಲ್ಲೇ. ತೊಗರಿ, ಜೋಳದ ಚೀಲಗಳು ಏರುವ ಇಳಿಯುವ ಊರಿನಲ್ಲಿ ಇಂಥದೊಂದು ಕೆಲಸ ನಡೆಯುತ್ತದೆ ಎಂಬುದು ಪಕ್ಕದ ಓಣಿಯವರಿಗೂ ಸರಿಯಾಗಿ ಗೊತ್ತಿಲ್ಲ. "ಅವ್ರು ತಂಬೂರಿ ಏನೋ ಮಾಡ್ತಾರ್ರಿ" ಎನ್ನುತ್ತಾರೆ ಮೂಲೆಯ ಚಹಾದಂಗಡಿಯವರು, ಸಕ್ಕರೆ ಕಲಕುತ್ತ. ಲಗ್ನದ ಆರ್ಕೆಸ್ಟ್ರಾದವರು, ಖವ್ವಾಲಿ ಪಾರ್ಟಿಯವರು, ಗಡಿಯಾಚೆಯ ಮೆರವಣಿಗೆಗಳಲ್ಲಿ ನುಡಿಸುವ ಬೆಂಜೋ ಪಾರ್ಟಿಯವರು ಇವರ ಗಿಟಾರುಗಳನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗುತ್ತಾರೆ. ಹಾಡುವವರ ಹೆಸರು ಬ್ಯಾನರಿನಲ್ಲಿರುತ್ತದೆ, ಮೈಕ್‌ಸೆಟ್ಟಿನವರ ಹೆಸರು ಡಬ್ಬಿಯ ಮೇಲೆ ಇಷ್ಟಗಲ ಬರೆದಿರುತ್ತದೆ. ಮಸೂದ ಮಿಸ್ತ್ರಿಯ ಹೆಸರು ಎಲ್ಲೂ ಇರುವುದಿಲ್ಲ. ಗಿಟಾರು ಮುಂಬೈಯಿಂದ ಬಂದಿದೆ ಎಂದು ಹೇಳಿಕೊಳ್ಳುವ ನುಡಿಸುವವರೂ ಇದ್ದಾರೆ, ಅದಕ್ಕೆ ಇವರ ತಕರಾರೂ ಇಲ್ಲ.

ಇವರ ತಂದೆ ಬಿತ್ತುವ ಕೂರಿಗೆ, ಬಂಡಿ ಮಾಡುತ್ತಿದ್ದರು. ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಕೂರಿಗೆ ಬಂದ ಮೇಲೆ ಆ ಕೆಲಸ ಕರಗಿಹೋಯಿತು. ಹುಡುಗ ಮಸೂದ ಸಾಮಿಲ್ಲಿಗೆ ಸೇರಿದರು. ಹರೆಯವೆಲ್ಲ ಗರಗಸದ ಪಕ್ಕದಲ್ಲೇ ಕಳೆಯಿತು. ಒಂದು ದಿನ ಬೆಂಜೋ ಪಾರ್ಟಿಯ ಅಮೀರ ಎಂಬವರು ಕುತ್ತಿಗೆ ಮುರಿದ ಗಿಟಾರನ್ನು ಚೀಲದಲ್ಲಿ ತುಂಬಿಕೊಂಡು ಬಂದರು. ಸಂಜೆ ಲಗ್ನದ ಮೆರವಣಿಗೆ ಇತ್ತು. ಎಲ್ಲಿಯೂ ರಿಪೇರಿಯವರು ಸಿಗದೆ ಸಾಮಿಲ್ಲಿಗೆ ಬಂದಿದ್ದರು.

"ನಾ ಅಲ್ಲಿತನ ಗಿಟಾರ ಕೈಲೇ ಮುಟ್ಟಿದ್ದಿಲ್ರಿ. ಬಿಚ್ಚಿ ನೋಡ್ತೇನಿ, ಒಳಗ ಏನೂ ಇಲ್ಲ. ಒಂದ್ ಹಲಿಗಿ, ಎರಡ್ ಸುರುಳಿ ತಂತಿ. ಇಷ್ಟರಾಗ ಅಷ್ಟ ದೊಡ್ಡ ಆವಾಜ ಎಲ್ಲಿಂದ ಬರ್ತದ ಅಂತ ಮುಂದ ಎಷ್ಟೋ ದಿನ ಅದೇ ಖ್ಯಾಲಿನಾಗ ಇದ್ದೆ. ಊಟಕ್ಕ ಕುಂತ್ರೂ ರೊಟ್ಟಿ ಬಡದು ಆವಾಜ ನೋಡ್ತಿದ್ದೆ" ಎಂದು ನಗುತ್ತಾರೆ. ಕುತ್ತಿಗೆ ಅಂದೇ ಸಂಜೆಯೊಳಗೆ ಕೂಡಿತು. ಅಲ್ಲಿಗೆ ಸಾಮಿಲ್ಲಿನ ಆಳಿನ ತಲೆಯೂ ಕೆಟ್ಟಿತು ಎಂದೇ ಹೇಳಬೇಕು.

ಇವರ ಕಟ್ಟಿಗೆ ಅಂಗಡಿಯಿಂದ ಬರುವುದಿಲ್ಲ. ಮೈಗೆ ಬೇವು, ಇಲ್ಲವೇ ಕೆಡವಿದ ಕಟ್ಟಡಗಳ ಸಾಗವಾನಿ ತೊಲೆ. ಬೆರಳು ಓಡಾಡುವ ಹಲಗೆಗೆ ಜಾಲಿ. ಕೂರಿಗೆಯ ನೆಲ ಸೀಳುವ ತಾಳುಗಳಿಗೆ ತಂದೆ ಹಾಕುತ್ತಿದ್ದ ಅದೇ ಜಾಲಿ, ಕಲ್ಲಿಗೆ ತಿಕ್ಕಿದರೂ ಸವೆಯದ್ದು. ಅಂಗಳದಲ್ಲಿ ಹಿಂದಿನವರು ಜೋಳ ತುಂಬಿಡುತ್ತಿದ್ದ ಹಗೇವು ಒಂದಿದೆ. ನೆಲದೊಳಗಿನ ಆ ಕಣಜಕ್ಕೆ ಈಗ ಜೋಳ ಹಾಕುವವರಿಲ್ಲ. ಮಿಸ್ತ್ರಿ ಹಸಿ ಕಟ್ಟಿಗೆಯ ತುಂಡುಗಳನ್ನು ಅದರೊಳಗೆ ಇಳಿಸಿ, ಮೇಲೆ ಹಾಸುಗಲ್ಲು ಮುಚ್ಚಿ ಮರೆತುಬಿಡುತ್ತಾರೆ. ಹೊರಗೆ ಬಿಸಿಲು ಕುದಿಯುವಾಗಲೂ ಒಳಗೆ ಕಟ್ಟಿಗೆ ಅವಸರವಿಲ್ಲದೆ ಒಣಗುತ್ತದೆ. ಹೊರತೆಗೆದಾಗ ಅದಕ್ಕೆ ಹಳೆಯ ಜೋಳದ ಸಣ್ಣ ವಾಸನೆ ಹತ್ತಿರುತ್ತದೆ. ಗಿಟಾರು ಸಿದ್ಧವಾಗಿ ಎಷ್ಟೋ ತಿಂಗಳ ಮೇಲೂ ಮೂಗು ಹತ್ತಿರ ಒಯ್ದರೆ ಆ ವಾಸನೆ ಇರುತ್ತದಂತೆ.

ದನಿಯನ್ನು ಹಿಡಿಯುವ ತಂತಿಸುರುಳಿ, ಅಂದರೆ ಪಿಕಪ್ಪು, ಅಫಜಲಪುರದಲ್ಲಿ ಆಗುತ್ತದೆ. ಅಲ್ಲಿ ಮಲ್ಕಪ್ಪ ಎಂಬವರದು ಮೋಟಾರು ವೈಂಡಿಂಗ್ ಅಂಗಡಿ. ಭೀಮಾ ದಂಡೆಯ ಹೊಲಗಳಲ್ಲಿ ಪಂಪ್‌ಸೆಟ್ಟು ಸುಟ್ಟರೆ ರೈತರು ಓಡುವುದು ಇವರ ಬಳಿಗೆ. ಕಬ್ಬಿಗೆ ನೀರು ಬಿಡುವ ಮೋಟಾರುಗಳ ನಡುವೆಯೇ ಕುಳಿತು, ಕೂದಲಿಗಿಂತ ತೆಳುವಾದ ತಾಮ್ರವನ್ನು ಅಯಸ್ಕಾಂತದ ಸುತ್ತ ಸುತ್ತಿ ಮಿಸ್ತ್ರಿಗೆ ಕಳಿಸುತ್ತಾರೆ. "ಅದು ನೀರ ಎತ್ತತದ, ಇದು ದನಿ ಎತ್ತತದ. ತಾಮ್ರ ಒಂದೇ ನೋಡ್ರಿ" ಎನ್ನುವ ಮಲ್ಕಪ್ಪನವರಿಗೆ ಸಂಗೀತದ ಗಂಧವೂ ಇಲ್ಲ. ಅದನ್ನು ಅವರೇ ಸಂತೋಷದಿಂದ ಹೇಳಿಕೊಳ್ಳುತ್ತಾರೆ.

ಗಿರಾಕಿಯ ಕೈ ಅಳತೆ ತೆಗೆಯುವ ರೀತಿ ಇನ್ನೂ ವಿಚಿತ್ರ. ಮಿಸ್ತ್ರಿ ಟೇಪು ಹಿಡಿಯುವುದಿಲ್ಲ. ನಾದಿದ ಎರೆಮಣ್ಣಿನ ಉದ್ದನೆಯ ಉಂಡೆಯನ್ನು ಗಿರಾಕಿಯ ಎಡಗೈಗೆ ಕೊಟ್ಟು, ಗಿಟಾರಿನ ಕುತ್ತಿಗೆ ಎಂದುಕೊಂಡು ಹಿಡಿಯಿರಿ ಎನ್ನುತ್ತಾರೆ. ಮುಷ್ಟಿಯೊಳಗೆ ಮೂಡಿದ ಆಕಾರವೇ ಕುತ್ತಿಗೆಯ ಆಕಾರ. ಎರೆಮಣ್ಣು ಒಣಗಿದರೆ ಕುಗ್ಗಿ ಬಿರಿಯುತ್ತದೆ ಎನ್ನುವುದು ಈ ಸೀಮೆಯ ಕೂಸಿಗೂ ಗೊತ್ತು. ಮೊದಮೊದಲು ಮಿಸ್ತ್ರಿಯ ಉತ್ಸಾಹಕ್ಕೆ ಮಾತ್ರ ಅದು ಗೊತ್ತಿರಲಿಲ್ಲ. ಒಣಗಿದ ಮಣ್ಣಿನ ಅಳತೆಗೇ ಕೆತ್ತಿದ್ದರಿಂದ ಅಮೀರರ ಹೊಸ ಗಿಟಾರಿನ ಕುತ್ತಿಗೆ ಬಾರುಕೋಲಿನಷ್ಟು ತೆಳ್ಳಗಾಗಿತ್ತು. ಈಗ ಮಣ್ಣು ಹಸಿಯಿದ್ದಾಗಲೇ ತಗಡಿನಲ್ಲಿ ಅಚ್ಚು ಕತ್ತರಿಸಿಕೊಳ್ಳುತ್ತಾರೆ.

ಬಣ್ಣ, ಹೊಳಪು ಎಲ್ಲ ಹೆಂಡತಿ ನಜಮುನ್ನಿಸಾ ಅವರ ಕೈಯಲ್ಲಿ. ಅವರ ತವರು ಜೇವರ್ಗಿ ತಾಲ್ಲೂಕಿನ ಅಂದೋಲಾ. ತಂದೆ ಅರಗಿನ ಬಳೆ ಮಾಡುತ್ತಿದ್ದುದರಿಂದ ಅರಗಿನ ಸಿಟ್ಟು, ಸಮಾಧಾನ ಎರಡೂ ಅವರಿಗೆ ಗೊತ್ತು. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಹಳೆಯ ಮೆತ್ತನೆ ಬಟ್ಟೆ ಸುತ್ತಿ ಅದರಲ್ಲದ್ದಿ, ಸುತ್ತು ಸುತ್ತಾಗಿ ತೀಡುತ್ತಾರೆ. ಒಣಗಲು ಬಿಡುತ್ತಾರೆ, ಮತ್ತೆ ತೀಡುತ್ತಾರೆ. "ಗಡಬಡಿ ಮಾಡಿದ್ರ ಮಾರಿ ಸಿಂಡರಿಸ್ತದ್ರಿ ಇದು. ಮಗ್ಗಲಕ ಕುಂತು ಮಾತಾಡ್ಸಿದಂಗ ಮಾಡ್ಬೇಕು" ಎನ್ನುವಾಗಲೂ ಅವರ ಕೈ ನಿಲ್ಲುವುದಿಲ್ಲ. ಪದರದ ಮೇಲೆ ಪದರ ಕೂಡುತ್ತ ಹೋದಂತೆ ಬೇವಿನ ಗೆರೆಗಳು ನೀರಿನಡಿಯ ಮರಳಿನ ಗೆರೆಗಳಂತೆ ಮೇಲೇಳುತ್ತವೆ. ನೋಡುತ್ತ ಕುಳಿತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಹೀಗಾಗಿ ಇಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಗಿಟಾರು ಆದರೆ ಅದೇ ಹೆಚ್ಚು.

ಇನ್ನು ಆ ಹಲ್ಲಿನ ವಿಷಯಕ್ಕೆ ಬರಬೇಕು.

ಮಸೂದ ಮಿಸ್ತ್ರಿಗೆ ಕಿವಿ ಕೇಳಿಸುವುದಿಲ್ಲ. ಪೂರ್ತಿ ಹೋಗಿಲ್ಲ, ಆದರೆ ಉಳಿದಿರುವುದು ಬಹಳ ಕಡಿಮೆ. ಸಾಮಿಲ್ಲಿನ ಗರಗಸ ಅಷ್ಟು ವರ್ಷ ಪಕ್ಕದಲ್ಲಿ ಕಿರುಚಿದ್ದರ ಫಲ ಅದು. ಒಮ್ಮೆಲೇ ಆದದ್ದೂ ಅಲ್ಲ. "ಮೊದಲಿಗೆ ಗುಬ್ಬಿ ಹೋದ್ವು ನೋಡ್ರಿ. ಗಿಡದಾಗ ಕಾಣಸ್ತಾವ, ಬಾಯಿ ತೆರೀತಾವ, ಆವಾಜ ಇಲ್ಲ. ನಾ ತಿಳ್ಕೊಂಡೆ, ಈ ವರ್ಷ ಗುಬ್ಬಿ ಯಾಕೋ ಮಾತಾಡವಲ್ಲವು ಅಂತ. ಆಮ್ಯಾಲ ಭಾಂಡೇ ತೊಳಿಯೋ ಸಪ್ಪಳ ಹೋತು. ಆಮ್ಯಾಲ ಇಕಿ ಕೈಬಳಿ ಸಪ್ಪಳ. ಒಂದೊಂದೇ ಎದ್ದು ಹೊರಗ ಹೋದಂಗ ಆತ್ರಿ, ಮಂದಿ ತುಂಬಿದ ಮನಿ ಖಾಲಿ ಆಗ್ತದಲ್ಲ, ಹಂಗ." ದವಾಖಾನೆಯವರು ಕಿವಿಗೆ ಹಾಕುವ ಯಂತ್ರ ಕೊಟ್ಟಿದ್ದಾರೆ. ಹಾಕಿಕೊಂಡರೆ ಮಾತೂ ತಗಡು, ತಂತಿಯೂ ತಗಡು. ಅದೀಗ ಗೋಡೆಯ ಗೂಡಿನಲ್ಲಿದೆ.

ಗಿಟಾರು ಮಾಡುವವರಿಗೆ ಕಿವಿ ಇಲ್ಲವೆಂದರೆ ಉಳಿದದ್ದೇನು? ಶ್ರುತಿ ಸರಿಯಿದೆಯೇ ಇಲ್ಲವೇ ಎನ್ನುವುದನ್ನು ಮೊಬೈಲಿನ ಆ್ಯಪು ಹಸಿರು ದೀಪದಲ್ಲಿ ತೋರಿಸುತ್ತದೆ. ಆದರೆ ತಂತಿ ಪಟ್ಟಿಗೆ ತಾಗಿ ಜುಂಯ್ ಎನ್ನುವುದನ್ನು ಅದು ತೋರಿಸುವುದಿಲ್ಲ. ದನಿ ಕಟ್ಟಿಗೆಯೊಳಗೆ ಇಳಿದು ನಿಲ್ಲುತ್ತದೋ ಇಲ್ಲವೋ ಎಂಬುದೂ ದೀಪಕ್ಕೆ ತಿಳಿಯದು. ಮಿಸ್ತ್ರಿ ಕೆಲಸ ಬಿಟ್ಟೇಬಿಡುವ ಮನಸ್ಸು ಮಾಡಿದ್ದರು. ಆ ದಿನಗಳಲ್ಲೇ ಒಮ್ಮೆ ಎರಡೂ ಕೈ ತುಂಬಿದ್ದಾಗ, ಬಡಗಿಗಳು ಮೊಳೆಯನ್ನು ಬಾಯಲ್ಲಿ ಹಿಡಿಯುವ ಅಭ್ಯಾಸದಂತೆ, ಗಿಟಾರಿನ ಕೋಡನ್ನೇ ಹಲ್ಲಿನಲ್ಲಿ ಹಿಡಿದರು. ಬಿರಡೆ ತಿರುಗಿಸುವಾಗ ತಂತಿ ಬೆರಳಿನಿಂದ ಜಾರಿ ಮಿಡಿಯಿತು. ದನಿ ದವಡೆಯಿಂದ ಏರಿ ನೆತ್ತಿಯವರೆಗೆ ತುಂಬಿಕೊಂಡಿತು. ಮಿಸ್ತ್ರಿ ಅಲ್ಲೇ ಕಟ್ಟಿಗೆಯ ಹೊಟ್ಟಿನ ಮೇಲೆ ಕುಳಿತು ಅತ್ತರು. ಗಂಡ ಬೆರಳು ಕತ್ತರಿಸಿಕೊಂಡರೇನೋ ಎಂದು ನಜಮುನ್ನಿಸಾ ಅರಿಶಿನ ಹಿಡಿದು ಓಡಿ ಬಂದರಂತೆ.

ಅಂದಿನಿಂದ ಬೆಳಗಿನ ಈ ಹೊತ್ತು ಹಲ್ಲಿನ ಪರೀಕ್ಷೆಗೆ ಮೀಸಲು. ಓಣಿ ಎದ್ದ ಮೇಲೆ ಮಾಡುವಂತಿಲ್ಲ. ಕಾರಣ, ಈ ಸಂಗತಿ ಗಂಡ ಹೆಂಡತಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಕಿವುಡರ ಹತ್ತಿರ ಯಾರು ಗಿಟಾರು ಮಾಡಿಸುತ್ತಾರೆ? ಹಾಗಾಗಿ ನಜಮುನ್ನಿಸಾ ಬಾಗಿಲಿಗೆ ಕಾವಲಾದರು. ಗಿರಾಕಿ ಹೇಳಿದ್ದನ್ನು ಗಂಡನ ಮುಖಕ್ಕೆ ಮುಖ ಕೊಟ್ಟು, ತಮ್ಮದೇ ಮಾತೆಂಬಂತೆ ಮತ್ತೊಮ್ಮೆ ಹೇಳುತ್ತಾರೆ. ಮಿಸ್ತ್ರಿ ಅವರ ತುಟಿ ಓದುತ್ತಾರೆ. ಫೋನು ಬಂದರೆ ಹೆಂಡತಿಯೇ ಎತ್ತಿ "ಅವ್ರು ನಮಾಜಿಗಿ ಹೋಗ್ಯಾರ್ರಿ" ಎನ್ನುತ್ತಾರೆ. ಬಂದ ಫೋನುಗಳ ಲೆಕ್ಕ ಹಿಡಿದರೆ ಆಳಂದದಲ್ಲಿ ಮಸೂದ ಮಿಸ್ತ್ರಿಯಷ್ಟು ದೈವಭಕ್ತರು ಇನ್ನೊಬ್ಬರಿಲ್ಲ. ನಜಮುನ್ನಿಸಾ ಮನೆಯಲ್ಲಿಲ್ಲದ ವೇಳೆ ಬಂದವರು ಮಾತ್ರ ಹೊಸ್ತಿಲಲ್ಲಿ ನಿಂತು ಕರೆದು ಕರೆದು, ಬೆನ್ನು ತಿರುಗಿಸಿಕೊಂಡು ಕೆತ್ತುತ್ತಲೇ ಇರುವ ಮಿಸ್ತ್ರಿಯನ್ನು ನೋಡಿ, ಎಷ್ಟು ಸೊಕ್ಕು ಈ ಮನುಷ್ಯನಿಗೆ ಎಂದು ಬೈದುಕೊಂಡು ಹಿಂದಿರುಗಿದ್ದಾರೆ.

ಗುಟ್ಟು ಒಡೆದದ್ದು ಕಳೆದ ಮಳೆಗಾಲದಲ್ಲಿ. ಜೇವರ್ಗಿಯ ಶೈಲಶ್ರೀ ಎಂಬ ಯುವತಿ ಲಗ್ನದ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಾರೆ. ಅವರದು ಸಣ್ಣ ಕೈ. ಅಂಗಡಿಯ ಗಿಟಾರುಗಳ ಕುತ್ತಿಗೆ ಅವರ ಮುಷ್ಟಿಗೆ ಒಗ್ಗದೆ ಮಣಿಕಟ್ಟು ನೋಯುತ್ತಿತ್ತು. ಮಿಸ್ತ್ರಿ ಎರೆಮಣ್ಣು ಕೊಟ್ಟು ಹಿಡಿಸಿಕೊಂಡು, ಆ ಕೈಗೆ ತಕ್ಕ ಗಿಟಾರನ್ನು ಬೇವಿನಲ್ಲಿ ಮಾಡಿದ್ದರು. ಗಿಟಾರು ಒಯ್ಯಲು ಶೈಲಶ್ರೀ ಬರುವ ದಿನ ಗೊತ್ತಾಗಿತ್ತು. ಆದರೆ ವಾರವಿಡೀ ಮುಗಿಲು ಮುಚ್ಚಿಕೊಂಡು, ಗಾಳಿಯಲ್ಲಿ ಹಸಿ ತುಂಬಿ, ಅರಗು ಗಟ್ಟಿಯಾಗದೆ ಮುನಿಸಿಕೊಂಡಿತ್ತು.

ಆ ಬೆಳಿಗ್ಗೆ ಮಿಸ್ತ್ರಿ ಕೊನೆಯ ಪರೀಕ್ಷೆಗೆ ಗಿಟಾರನ್ನು ಎತ್ತಿಕೊಂಡರು. ಒಲೆಯ ಮುಂದಿದ್ದ ನಜಮುನ್ನಿಸಾ ಅದನ್ನು ಕಂಡು ತಮ್ಮ ಮನೆಮಾತಿನಲ್ಲಿ ಕೂಗಿದರು, "ಅಜೀ, ಗೀಲಾ ಹೈ, ಹಾತ್ ನಕ್ಕೋ ಲಗಾವ್." ಹಸಿಯಿದೆ, ಕೈ ಹಚ್ಚಬೇಡಿ ಎಂದರ್ಥ. ಇಷ್ಟು ವರ್ಷ ಊರಿಗೆಲ್ಲ ಗಂಡನ ಕಿವಿಯಾಗಿದ್ದವರು ಆ ಗಳಿಗೆ ಒಂದನ್ನು ಮರೆತಿದ್ದರು. ಗಂಡನ ಬೆನ್ನು ತಮ್ಮ ಕಡೆಗಿತ್ತು. ಅವರು ರೊಟ್ಟಿ ಬಿಟ್ಟು ಎದ್ದು ಬರುವಷ್ಟರಲ್ಲಿ ಮಿಸ್ತ್ರಿ ಕಣ್ಣು ಮುಚ್ಚಿ ಕೋಡನ್ನು ಕಚ್ಚಿಯಾಗಿತ್ತು. ಬಿಟ್ಟಾಗ ಜೇನುಬಣ್ಣದ ಹೊಳಪಿನ ಮೇಲೆ ಎರಡು ಮುಂಬಲ್ಲುಗಳು ಸ್ಪಷ್ಟವಾಗಿ ಮೂಡಿದ್ದವು.

ಶೈಲಶ್ರೀ ಬಂದರು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕುತ್ತಿಗೆ ಹಿಡಿದದ್ದೇ ಅವರ ಮುಖ ಅರಳಿತು. ನುಡಿಸಿದರು, ನಕ್ಕರು, ಮತ್ತೆ ನುಡಿಸಿದರು. ಆಮೇಲೆ ಕಣ್ಣು ಕೋಡಿನ ಮೇಲೆ ಬಿತ್ತು.

"ಚಾಚಾ, ಇದೇನಿದು?"

ನಜಮುನ್ನಿಸಾ ಬಾಯಿಗೆ ಸೆರಗು ಹಿಡಿದರು. ಮಿಸ್ತ್ರಿ ಶೈಲಶ್ರೀಯ ತುಟಿ ಓದಿ, ಬೇರೇನೂ ಹೊಳೆಯದೆ "ಇಲಿ ಕಡದಾದವ್ವ" ಎಂದರು.

"ಇಲಿಗಿ ಇಷ್ಟ ಅಗಲ ಹಲ್ಲ ಇರ್ತಾವೇನ್ರಿ?"

ಸುಳ್ಳು ಹೇಳಿ ಅಭ್ಯಾಸವಿದ್ದ ನಜಮುನ್ನಿಸಾ ಅವರಿಗೇ ಮೊದಲು ಸಾಕೆನಿಸಿತು. ಅವರು ನೆಲ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟರು. ಗರಗಸ, ಗುಬ್ಬಿ, ನಮಾಜು, ಹಲ್ಲು. ಬೇಕಾದರೆ ಗಿಟಾರು ಇಲ್ಲೇ ಇರಲಿ, ಕೆರೆದು ಹೊಸದಾಗಿ ಪಾಲಿಶ್ ಮಾಡಿಕೊಡುತ್ತೇವೆ, ಬೇಡವೆಂದರೆ ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ ಎಂದೂ ಹೇಳಿದರು. ಮಿಸ್ತ್ರಿಗೆ ಒಂದಕ್ಷರ ಕೇಳಿಸಲಿಲ್ಲ. ಹೆಂಡತಿಯ ಮುಖ ಬಾಗಿದ್ದರಿಂದ ಓದಲೂ ಆಗಲಿಲ್ಲ. ಆದರೆ ಏನು ನಡೆಯುತ್ತಿದೆ ಎಂಬುದು ತಿಳಿಯಿತು. "ಪಂಚಾಯ್ತಿ ಕಟ್ಟಿ ಮುಂದ ನಿಂತಂಗ ಆಗಿತ್ರಿ. ಕೆಲಸ ಹೋತು ಅಂದ್ಕೊಂಡೆ. ಕೈ ಒರಸ್ಕೋತ ನಿಂತೆ" ಎಂದು ನೆನಪಿಸಿಕೊಳ್ಳುತ್ತಾರೆ.

ಶೈಲಶ್ರೀ ಆ ಗುರುತಿನ ಮೇಲೆ ಬೆರಳಾಡಿಸಿದರು. ಆಮೇಲೆ ಗಿಟಾರಿನ ಕೋಡನ್ನು ತಾವೇ ಹಲ್ಲಿನಲ್ಲಿ ಹಿಡಿದರು. ಎರಡೂ ಕಿವಿಗೆ ಬೆರಳಿಟ್ಟುಕೊಂಡು, ತಂತಿ ಮೀಟಿ ಎಂದು ಮಿಸ್ತ್ರಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಮಿಸ್ತ್ರಿ ದಪ್ಪ ತಂತಿಯನ್ನು ಮೀಟಿದರು. ಆಮೇಲೆ ಮುಂದಿನದು, ಅದರ ಮುಂದಿನದು. ಹೊರಗೆ ಮೋಡದ ಬೆಳಕು, ಒಳಗೆ ಅರಗಿನ ವಾಸನೆ. ಕೋಣೆಯಲ್ಲಿದ್ದ ಮೂವರಲ್ಲಿ ಆ ದನಿಯನ್ನು ನಿಜವಾಗಿ ಕೇಳುತ್ತಿದ್ದವರು ಕಿವಿ ಮುಚ್ಚಿಕೊಂಡಿದ್ದ ಶೈಲಶ್ರೀ ಒಬ್ಬರೇ.

ಆ ದಿನದ ಬಗ್ಗೆ ಜೇವರ್ಗಿಯಲ್ಲಿ ಶೈಲಶ್ರೀ ಅವರನ್ನು ಕೇಳಿದರೆ ಈಗಲೂ ಅವರ ದನಿ ತಗ್ಗುತ್ತದೆ. "ತಲಿ ಒಳಗೇ ಯಾರೋ ಬಾರಸಾಕತ್ತಂಗ ಆತ್ರಿ. ನಾ ಇಷ್ಟು ವರ್ಷ ಗಿಟಾರ ಬಾರಸ್ತೇನಿ, ಅದು ಹಿಂಗ ಇರ್ತದಂತ ನಂಗ ಗೊತ್ತೇ ಇದ್ದಿಲ್ಲ. ಪಾಲಿಶ್ ಕೆರಿಯೂದು ಬ್ಯಾಡ ಅಂದೆ. ಹಂಗೇ ತಂದೆ." ಲಗ್ನಗಳಲ್ಲಿ ಯಾರಾದರೂ ಆ ಗುರುತು ತೋರಿಸಿ ಕೇಳಿದರೆ ಅವರು ಇಲಿ ಕಡಿದಿದೆ ಎಂದೇ ಹೇಳುತ್ತ ಬಂದಿದ್ದಾರೆ. ಮಿಸ್ತ್ರಿಗೆ ಕೊಟ್ಟ ಮಾತು ಅದು.

ಭಾನುವಾರದ ಪುರವಣಿಗೆ ಈ ಬರಹ ಎಂದು ತಿಳಿದಾಗ ನಜಮುನ್ನಿಸಾ ಚಹಾ ಕೊಡುತ್ತ ಮೆಲ್ಲಗೆ ಕೇಳಿಕೊಂಡರು, "ಕಟಗಿದು ಬರೀರಿ, ಅರಗಿಂದು ಬರೀರಿ. ಕಿವಿದು ಒಂದ್ ಬಿಟ್ಟುಬಿಡ್ರಿ. ಹೊಟ್ಟಿ ಮ್ಯಾಲ ಬರ್ತದ." ನ್ಯಾಯವಾದ ಮಾತು. ಆ ಒಂದು ಸಂಗತಿಯನ್ನು ಬಿಟ್ಟೇ ಬರೆಯುವುದೆಂದು ತೀರ್ಮಾನವೂ ಆಯಿತು.

ಮಿಸ್ತ್ರಿ ಉಳಿಯನ್ನು ಕೆಳಗಿಟ್ಟರು. ಅವರು ಹೆಂಡತಿಯ ತುಟಿಗಳನ್ನೇ ನೋಡುತ್ತಿದ್ದರು.

"ಇಕಿ ತಂಗಿ ಮಗಳ ಶಾದಿ ಅಂದೋಲಾದಾಗ ಆತ್ರಿ. ಮುಂಜಾನಿ ಹೋದಾಕಿ ಹೊತ್ತ ಮುಣಗೂದ್ರಾಗ ಹೊಳ್ಳಿ ಬಂದ್ಳು. ಮೆಹಂದಿಗಿ ಇದ್ದಿಲ್ಲ, ವಲೀಮಾ ಊಟಕ್ಕ ಇದ್ದಿಲ್ಲ. ಯಾಕ? ಇಲ್ಲಿ ಬಾಗಲದಾಗ ಯಾರ ನಿಂದರ್ತಾರ? ಫೋನ್ ಯಾರ ಎತ್ತತಾರ? ತವರಮನಿಯಾಗ ಒಂದ್ ರಾತ್ರಿ ಮಕ್ಕೊಂಡು ಎಷ್ಟೋ ವರ್ಷ ಆತು. ಕಿವಿ ಹೋಗಿದ್ದು ನಂದು. ಅದನ್ನ ಕಟ್ಕೊಂಡು ಕುಂತಾಕಿ ಈಕಿ" ಎಂದರು. ಹೆಂಡತಿಯ ಬಗ್ಗೆ ಇಷ್ಟು ಉದ್ದದ ಮಾತನ್ನು ಅವರು ಆವರೆಗೆ ಆಡಿರಲಿಲ್ಲ.

ನಜಮುನ್ನಿಸಾ ಚಹಾದ ಬಸಿಗಳನ್ನು ಎತ್ತಿಕೊಂಡವರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. "ಗಿರಾಕಿ ಬರ್ಲಿಲ್ಲಂದ್ರ?" ಎಂದು ಗಂಡನ ಕಡೆ ಮುಖ ಮಾಡಿ ಕೇಳಿದರು. ಅದರ ಉತ್ತರ ಈ ಪುಟ ಓದಿದವರಿಗೆ ಬಿಟ್ಟದ್ದು.

ಮಿಸ್ತ್ರಿ ಮಾತ್ರ ಆಗಲೇ ನಿರ್ಧಾರ ಮಾಡಿಯಾಗಿತ್ತು. ನಜಮುನ್ನಿಸಾ ಈ ತಿಂಗಳು ಅಂದೋಲಾಕ್ಕೆ ಹೋಗಿ ಮನಸ್ಸು ತುಂಬುವಷ್ಟು ದಿನ ಇದ್ದು ಬರಬೇಕು. ಅದೊಂದು ಆಸೆ ಬಿಟ್ಟರೆ ಪತ್ರಿಕೆಯಿಂದ ಅವರಿಗೆ ಬೇರೇನೂ ಬೇಕಿಲ್ಲ. ಗಿಟಾರಿನ ಮೈಯನ್ನು ಮತ್ತೆ ತೊಡೆಯ ಮೇಲೆಳೆದುಕೊಂಡು, ಅದರ ಅಂಚನ್ನು ಬೆರಳಿನಿಂದ ಸವರುತ್ತ ಹೇಳಿದರು:

"ಬರೀರಿ. ಮಸೂದ ಮಿಸ್ತ್ರಿಗಿ ಕಿವಿ ಕೇಳಸಂಗಿಲ್ಲ ಅಂತ ಬರೀರಿ. ಬಾಗಲದಾಗ ನಿಂತು ಕರದ್ರ ತಿಳಿಯಂಗಿಲ್ಲ, ಸೊಕ್ಕು ಅಂತ ಹೊಳ್ಳಿ ಹೋಗಬ್ಯಾಡ್ರಿ ಅಂತ ಹೇಳ್ರಿ. ಒಳಗ ಬರ್ರಿ, ಹೆಗಲಿಗಿ ಕೈ ಹಚ್ಚ್ರಿ. ನಾ ಹೊಳ್ಳಿ ನೋಡ್ತೇನಿ."